ಮೈತುಂಬುವ ಕೋಣೆಯ ಕೊನೆಯ ಹುಡುಗಿ

ಸುರುಲೆರೆ, ಲೇಗೋಸ್
ಭಾನುವಾರ, ಮಾರ್ಚ್ 4, 2018

ಪ್ರೀತಿಯ ದೊಡ್ಡಮ್ಮನವರಿಗೆ,

ಗಂಡನ ಮನೆಯವರಂತೆ ಅಡ್ಡಬಿದ್ದು ನಮಸ್ಕರಿಸೋಣವೆಂದರೆ, ಬೀಳುವುದಕ್ಕೆ ನಾನೊಬ್ಬಳು ಸಾಕು, ಎಬ್ಬಿಸುವುದಕ್ಕೆ ಇಬ್ಬರು ಬೇಕು. ಆದ್ದರಿಂದ ಕುರ್ಚಿಯಿಂದಲೇ ನಮಸ್ಕಾರ. ಕುರ್ಚಿಯೂ ನಿಮ್ಮನ್ನು ಕೇಳಿದೆಯೆಂದು ತಿಳಿಸಲು ಹೇಳಿದೆ. ಅದರ ದನಿ ಈಚೆಗೆ ಸ್ವಲ್ಪ ನರಳಿದಂತಿರುತ್ತದೆ.

ಎಫಿಯೋಮ್‌ನ ಬಸ್ಸು ಶುಕ್ರವಾರ ಸಂಜೆ ಕಲಬಾರಿನಿಂದ ಸರಿಯಾಗಿ ಬಂತು. ಊಟದ ನೀಲಿ ಕೂಲರ್ ಪೆಟ್ಟಿಗೆ ಕೂಡ ಬಂತು. ಅಫಾಂಗ್ ಸೊಪ್ಪಿನ ಸಾರು, ಹೊಗೆ ಹಾಕಿದ ಮೀನು, ಒಣ ಸೀಗಡಿ, ಎಲ್ಲ ಕ್ಷೇಮ. ನಿಮ್ಮ ಮೊಮ್ಮಗಳು ಟೆನಿ ಮುಚ್ಚಳ ತೆಗೆದು ಮೂಸಿ, “ಅಜ್ಜಿ ಬಂದ್ಬಿಟ್ರು!” ಎಂದು ಕೂಗಿದಳು. ಹತ್ತು ವರ್ಷದ ಹುಡುಗಿ, ಅಜ್ಜಿಯ ಮುಖಕ್ಕಿಂತ ಮೊದಲು ಅಜ್ಜಿಯ ಸಾರನ್ನು ಗುರುತಿಸುತ್ತಾಳೆ.

ಹೇಳಬೇಕಾದ ವಿಷಯ ಒಂದಿದೆ. ಫೋನಿನಲ್ಲಿ ಹೇಳುವಂತಿಲ್ಲ, ನಾನು ‘ಆಸ್ಪತ್ರೆ’ ಎಂದರೆ ನೀವು ‘ಊಟ ಆಯ್ತು’ ಎನ್ನುತ್ತೀರಿ, ಅಷ್ಟರಲ್ಲಿ ಎರಡೂ ಕಡೆಯ ಬೀದಿಯವರಿಗೆ ಕಥೆ ತಿಳಿದಿರುತ್ತದೆ. ನಿಮ್ಮ ಕಿವಿಗಿಂತ ಕಣ್ಣನ್ನು ನಂಬಿ ಬರೆಯುತ್ತಿದ್ದೇನೆ. ಮೊದಲು ಕನ್ನಡಕ ತೆಗೆದು ದೂರ ಇಡಿ, ಏಕೆಂದರೆ ಕೋಪ ಬಂದರೆ ನೀವು ಎಸೆಯುವುದು ಅದನ್ನೇ. ಅದಿಲ್ಲದೆ ಓದಲಾಗದಿದ್ದರೆ ಮತ್ತೆ ಹಾಕಿಕೊಳ್ಳಿ.

ದೊಡ್ಡಮ್ಮ, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ನಿರ್ಧರಿಸಿದ್ದೇನೆ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರಕ್ಕೆ ಹೊಲಿಯುತ್ತಾರೆ. ನನ್ನ ತೂಕ ಈಗ ನೂರೈವತ್ತೊಂದು ಕಿಲೋ. ಪಾಲಿಟೆಕ್ನಿಕ್‌ನಲ್ಲಿ ನಾನು ಕಲಿಸುವುದು ಭೌತಶಾಸ್ತ್ರ. ಮೊನ್ನೆ ಗುರುತ್ವಾಕರ್ಷಣೆಯ ಪಾಠ ಮಾಡುವಾಗ ಹಿಂದಿನ ಬೆಂಚಿನವನು, “ಮೇಡಂ, ಬೇರೆ ಉದಾಹರಣೆ ಬೇಡ, ಸಾಕು” ಎಂದ. ನಾನೂ ನಕ್ಕೆ. ಆದರೆ ಸಕ್ಕರೆ ಕಾಯಿಲೆ ನಗುತ್ತಿಲ್ಲ, ಮೊಣಕಾಲು ನಗುತ್ತಿಲ್ಲ. ತೂಕದ ಜೊತೆ ತೂಕಡಿಕೆಯೂ ಹೆಚ್ಚಾಗಿದೆ: ಕುಳಿತರೆ ನಿದ್ದೆ, ನಿಂತರೆ ನಿದ್ದೆ. ಕಳೆದ ತಿಂಗಳು ಕಾರಿಗೆ ಒಂದು ಸಣ್ಣ ಗೀರು ಮಾಡಿಕೊಂಡೆ, ಅದಿರಲಿ. ಉಪವಾಸ, ನಡಿಗೆ, ನಿಂಬೆನೀರು, ಮಾತ್ರೆ, ಆರು ವರ್ಷ ಎಲ್ಲ ಮಾಡಿ ನೋಡಿದ್ದೇನೆ. ಇಳಿದದ್ದು ಉತ್ಸಾಹ ಮಾತ್ರ.

ಒಪ್ಪಿಗೆ ಪತ್ರಕ್ಕೆ ನನ್ನ ಸಹಿಯ ಜೊತೆ ಮನೆಯವರೊಬ್ಬರ ಸಹಿಯೂ ಬೇಕು. ಕೋಲಾ ಏನನ್ನುತ್ತಾನೆ ಕೇಳಿ: “ನಾನ್ ಸಹಿ ಹಾಕಿ, ನಿನಗೇನಾದ್ರೂ ಆಯ್ತು ಅನ್ಕೋ. ನಿಮ್ಮ ದೊಡ್ಡಮ್ಮ ಬಸ್ ಹತ್ಕೊಂಡು ಬರಲ್ಲ ಕಣೇ, ಬಸ್ಸನ್ನೇ ಎತ್ಕೊಂಡು ಬರ್ತಾರೆ. ಮೊದ್ಲು ಅವರು ಹ್ಞೂಂ ಅನ್ಲಿ.” ಗಂಡನಿಗೆ ನನ್ನ ಹೊಟ್ಟೆಗಿಂತ ನಿಮ್ಮ ಸಿಟ್ಟಿನ ಹೆದರಿಕೆ.

ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಮೂವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿದ, ಇಷ್ಟು ಮುದ್ದಾದ ಅಕ್ಷರ ಬರೆಯುವ ನೀವು ಪಿಂಚಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಚಿಕ್ಕಂದಿನಿಂದ ನೋಡಿ ನಕ್ಕಿದ್ದೇನೆ. ಕಾಗದದ ಕೊನೆಗೂ ಹೆಸರು ಹಾಕುವುದಿಲ್ಲ, ‘ನಾನೇ’ ಎಂದು ಮುಗಿಸುತ್ತೀರಿ. ಈ ಒಂದು ಸಲ ಹೆಬ್ಬೆಟ್ಟಿಗೆ ರಜೆ ಕೊಡಿ.

ನಿಮಗೆ ಸದಾ ಆಭಾರಿ, ಸದ್ಯಕ್ಕೆ ಬರೀ ಭಾರಿ,
ಮಾಯೆನ್


ಹೆನ್ಶಾ ಟೌನ್, ಕಲಬಾರ್
ಮಾರ್ಚ್ 11, 2018

ಮಾಯೆನ್,

ಕನ್ನಡಕ ಎಸೆಯಲಿಲ್ಲ. ನಿನ್ನ ಕಾಗದ ಎಸೆದೆ. ಆಮೇಲೆ ನಾನೇ ಬಗ್ಗಿ ಎತ್ತಿಕೊಂಡೆ. ಎಪ್ಪತ್ತನಾಲ್ಕರ ಸೊಂಟ ಬಗ್ಗಿಸಿದ ಪಾಪ ನಿನಗೇ.

ದೇವರು ಕೊಟ್ಟ ಹೊಟ್ಟೆಯನ್ನು ದರ್ಜಿಯ ಹತ್ತಿರ ಕೊಟ್ಟು ಕಿರಿದು ಮಾಡಿಸುತ್ತಾರೆಯೇ? ನಾನೂ ಹೊಲಿಗೆ ಕಲಿಸಿದವಳು. ಬಟ್ಟೆ ಬಿಗಿಯಾದರೆ ಅಂಚು ಬಿಚ್ಚಿ ಅಗಲ ಮಾಡುತ್ತೇವೆ, ತೊಟ್ಟವಳನ್ನು ಕತ್ತರಿಸುವುದಿಲ್ಲ.

ಈ ಕಾಗದ ಬರೆಯುತ್ತಿರುವಾಗ ನಿನ್ನ ಫೋಟೋ ನನ್ನ ಎದುರಿಗಿದೆ. ಹತ್ತೊಂಬತ್ತು ನೂರ ತೊಂಬತ್ತೆಂಟು. ಹದಿನೇಳು ವರ್ಷದ ನೀನು ನನ್ನ ಮೈತುಂಬುವ ಕೋಣೆಯಿಂದ ಮೂರು ತಿಂಗಳ ಮೇಲೆ ಹೊರಬಂದ ದಿನ. ತಲೆಯಲ್ಲಿ ಹಿತ್ತಾಳೆಯ ಬಾಚಣಿಗೆಗಳು, ತೋಳಿನಲ್ಲಿ ಬಿಳಿ ಸುಣ್ಣದ ಚಿತ್ತಾರ, ಕುತ್ತಿಗೆಯಲ್ಲಿ ಮೂರು ಮಡಿಕೆ. ನೀನು ನಡೆದರೆ ಬೀದಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಉಣಿಸಿ ದುಂಡಗೆ ಮಾಡಲು ನನ್ನ ತಾಯಿ ನಡೆಸಿದ ಕೋಣೆ, ಅವಳ ತಾಯಿ ನಡೆಸಿದ ಕೋಣೆ. ಎಷ್ಟು ಹೊತ್ತಿಗೆ ಎಷ್ಟು ಗಂಜಿ, ಎಷ್ಟು ಗೆಣಸು, ಯಾವಾಗ ಎಣ್ಣೆ ತಿಕ್ಕಬೇಕು, ಯಾವಾಗ ಮಲಗಿಸಬೇಕು, ಎಲ್ಲ ಲೆಕ್ಕ ನನ್ನ ಬೆರಳ ತುದಿಯಲ್ಲಿತ್ತು. ನಿನ್ನ ನಂತರ ಯಾರೂ ಮಗಳನ್ನು ಕಳಿಸಲಿಲ್ಲ. ಈಗ ಅಲ್ಲಿ ಗೆಣಸಿನ ಮೂಟೆಗಳಿವೆ. ನೀನೇ ಕೊನೆಯವಳು. ನಾನು ತುಂಬಿದ್ದನ್ನು ಯಾರೋ ಕತ್ತರಿ ಹಿಡಿದು ತೆಗೆಯುತ್ತಾನೆ, ಅದಕ್ಕೆ ನಾನೇ ಒಪ್ಪಿಗೆ ಕೊಡಬೇಕು!

ಮೀನು ಮಾರುವ ಇನ್ಯಾಂಗ್ ಗೊತ್ತಲ್ಲ? ಅವಳ ಮಗಳು ಅಬುಜಾದಿಂದ ಕ್ರಿಸ್‌ಮಸ್ಸಿಗೆ ಕಡ್ಡಿಯಂತಾಗಿ ಬಂದಳು. ಚರ್ಚಿನ ಮೆಟ್ಟಿಲಲ್ಲೇ ಹೆಂಗಸರು ಹಿಡಿದುಕೊಂಡರು. “ಗಂಡ ಹೊಡೀತಾನಾ? ಊಟ ಹಾಕಲ್ವಾ? ಇಲ್ಲಾ, ಆ ಕಾಯಿಲೆನಾ?” “ಮೂರೂ ಅಲ್ಲ, ಜಿಮ್ಮಿಗೆ ಹೋಗ್ತೀನಿ” ಎಂದಳಂತೆ. ಯಾರೂ ನಂಬಲಿಲ್ಲ. ಪಾದ್ರಿ ಅವಳ ಹೆಸರಲ್ಲಿ ವಿಶೇಷ ಪ್ರಾರ್ಥನೆ ಮಾಡಿಸಿದರು.

ನಿನಗೆ ಮೈಯಲ್ಲಿರುವುದಕ್ಕಿಂತ ತಲೆಯಲ್ಲಿರುವ ಕೊಬ್ಬೇ ಹೆಚ್ಚು. ಅದಕ್ಕೆ ಡಾಕ್ಟರಿದ್ದರೆ ಹೇಳು, ಈಗಲೇ ಸಹಿ ಹಾಕುತ್ತೇನೆ. ಆಸ್ಪತ್ರೆಗೆ ನಡೆದುಕೊಂಡು ಹೋದವರೆಲ್ಲ… ಇರಲಿ.

ನಿನ್ನ ಒಪ್ಪಿಗೆ ಪತ್ರ ಒಲೆಯ ಪಕ್ಕದಲ್ಲಿದೆ. ಒಲೆಯೊಳಗೆ ಇನ್ನೂ ಹಾಕಿಲ್ಲ. ಕೂಲರ್ ತುಂಬ ಎಲೆಯಲ್ಲಿ ಸುತ್ತಿ ಬೇಯಿಸಿದ ಎಕ್ಪಾಂಗ್ ಕಳಿಸಿದ್ದೇನೆ. ಗೆಣಸು ತುರಿದು ತುರಿದು ಬೆರಳು ಸವೆದಿದೆ. ತಿಂದು, ಮಲಗಿ, ಎದ್ದು, ಆಮೇಲೆ ಯೋಚಿಸು.

ನಾನೇ


ಸುರುಲೆರೆ
ಮಾರ್ಚ್ 20, 2018

ದೊಡ್ಡಮ್ಮನವರಿಗೆ,

ತಿಂದಿಲ್ಲ, ಮಲಗಿಲ್ಲ, ಯೋಚಿಸಿದ್ದೇನೆ. ಎಕ್ಪಾಂಗ್ ನಮ್ಮ ಕಟ್ಟಡದ ಮೂರು ಮಹಡಿಗೂ ಹಂಚಿದೆ. ಮೇಲಿನ ಮನೆಯವರು ನಿಮ್ಮನ್ನು ಹರಸಿದರು. ನಾನು ಎಲೆಯನ್ನು ಮಾತ್ರ ಮೂಸಿದೆ. ಮೂಸುವುದಕ್ಕೆ ಡಾಕ್ಟರ ಅಡ್ಡಿಯಿಲ್ಲ.

ಕೋಣೆಯ ತಪ್ಪೆಂದು ನಾನು ಎಲ್ಲಿ ಹೇಳಿದೆ? ಆ ಮೂರು ತಿಂಗಳಲ್ಲಿ ತುಂಬಿದ್ದು ಮದುವೆಯ ಹೊತ್ತಿಗೆ ಇಳಿದೇ ಹೋಗಿತ್ತು. ಇದು ಆಮೇಲಿನದು. ಟೆನಿ ಹುಟ್ಟಿದ ಮೇಲಿನದು, ಕುರ್ಚಿಯದು, ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಕುಳಿತು ಕಿಟಕಿಯಲ್ಲಿ ಕೊಂಡು ತಿಂದದ್ದರದು. ಅದರ ವಾರಸುದಾರಳು ನಾನೊಬ್ಬಳೇ.

ಆದರೆ ನೀವು ಎರಡು ಪುಟ ಬರೆದು, ‘ಮಾಯೆನ್, ನಿನಗೆ ಎಲ್ಲಿ ನೋವು’ ಎಂದು ಒಂದು ಸಾಲು ಕೇಳಲಿಲ್ಲ. ಫೋಟೋದ ಬಗ್ಗೆ ಬರೆದಿರಿ. ಚರ್ಚಿನ ಮೆಟ್ಟಿಲ ಬಗ್ಗೆ ಬರೆದಿರಿ. ನಿಮಗೆ ಗೋಡೆಯ ಮೇಲಿನ ಮಾಯೆನ್ ಚೆನ್ನಾಗಿದ್ದರೆ ಸಾಕು. ಅವಳಿಗೆ ಮೊಣಕಾಲು ನೋಯುವುದಿಲ್ಲ, ಅವಳು ಮೆಟ್ಟಿಲು ಹತ್ತಬೇಕಾಗಿಲ್ಲ. ಮೊಳೆಯೊಂದು ಅವಳ ಭಾರ ಹೊತ್ತಿದೆ. ನನ್ನ ಭಾರವನ್ನು ನಾನೇ ಹೊರಬೇಕು.

ದಿನ ಗೊತ್ತಾಗಿದೆ. ಮೇ 14, ಸೋಮವಾರ. ಹೆದರಿಕೆ ಇದೆ. ಅರಿವಳಿಕೆ ಎಂಬ ಮಾತು ಕೇಳಿದರೇ ಅಂಗೈ ಬೆವರುತ್ತದೆ. ಆದರೂ ಹೋಗುತ್ತೇನೆ. ಸಹಿ ಹಾಕಿ ಕಳಿಸಿ. ಇಲ್ಲ, ಹಾಕುವುದಿಲ್ಲವೆಂದು ಬರೆದು ಕಳಿಸಿ. ಪತ್ರವನ್ನು ಒಲೆಯ ಪಕ್ಕದಲ್ಲಿ ಕೂರಿಸಿ ನನ್ನನ್ನು ಬೇಯಿಸಬೇಡಿ.

ಮಾಯೆನ್


(ಕೂಲರ್‌ನೊಳಗಿನ ಚೀಟಿ, ಅದೇ ದಿನ)

ದೊಡ್ಡಮ್ಮ, ಕಾಗದ ಖಾರವಾಯಿತು. ಎಫಿಯೋಮ್‌ನ ಜೇಬಿಗೆ ಸೇರಿಬಿಟ್ಟಿದೆ, ವಾಪಸು ಕೇಳಲು ನಾಚಿಕೆ. ಅದಕ್ಕೇ ಕೂಲರ್ ತುಂಬ ನನ್ನ ಅತ್ತೆ ಮರಗೆಣಸು ತುರಿದು ಹುರಿದ ಇಜೆಬು ಗರಿ ಇಟ್ಟಿದ್ದೇನೆ. ‘ಆ ಹುಳಿ ರವೆಯನ್ನು ಯಾರು ತಿನ್ನುತ್ತಾರೆ’ ಎನ್ನುತ್ತಲೇ ನೀವು ನೀರಲ್ಲಿ ನೆನೆಸಿ ಎರಡು ಬಟ್ಟಲು ಮುಗಿಸುವುದನ್ನು ನಾನು ಕಂಡಿದ್ದೇನೆ. ಖಾರಕ್ಕೆ ಹುಳಿ. ಕ್ಷಮಿಸಿ. ಮಾ.


ಹೆನ್ಶಾ ಟೌನ್
ಮಾರ್ಚ್ 29, 2018

ಮಾಯೆನ್,

ಕಾಗದ ತಲುಪಿತು. ಕೂಲರ್ ತಲುಪಿತು. ಮುಚ್ಚಳ ತೆಗೆದು ನೋಡಿದೆ. ನೀನು ಹೇಳಬೇಕಾದದ್ದು ಅರ್ಥವಾಯಿತು.

ಈಸ್ಟರ್ ಚೆನ್ನಾಗಿ ನಡೆಯಲಿ.


ಸುರುಲೆರೆ
ಏಪ್ರಿಲ್ 12, 2018

ಪ್ರೀತಿಯ ದೊಡ್ಡಮ್ಮನವರಿಗೆ,

ನಿಮ್ಮ ನಾಲ್ಕು ಸಾಲು ಓದಿ ಎಷ್ಟು ಹಗುರಾದೆನೆಂದರೆ, ತಕ್ಕಡಿ ಹತ್ತಿ ನೋಡಿದೆ. ಅದು ಒಪ್ಪಲಿಲ್ಲ.

ಮುಚ್ಚಳ ತೆಗೆದ ಕೂಡಲೇ ಅರ್ಥ ಮಾಡಿಕೊಂಡಿರಲ್ಲ, ಅಷ್ಟು ಸಾಕು. ಬಾಯಲ್ಲಿ ಹೇಳಲಾಗದ್ದನ್ನು ಅದರಲ್ಲಿಟ್ಟು ಕಳಿಸಿದ್ದೆ. ಕೋಲಾ, “ಅವರಿಗೆ ಅದು ಸಾಕಾಗುತ್ತಾ?” ಎಂದ. “ನಮ್ಮ ದೊಡ್ಡಮ್ಮನಿಗೆ ಅಷ್ಟು ಕಂಡ್ರೆ ಸಾಕು, ಮಿಕ್ಕಿದ್ದು ಅವರೇ ತಿಳ್ಕೋತಾರೆ” ಎಂದೆ. ಬೇಕಾದರೆ ಮುಂದಿನ ಸಲವೂ ಅದನ್ನೇ ಕಳಿಸುತ್ತೇನೆ.

ಹೆಸರು ಹಾಕುವುದು ಬಿಡಿ, ಈ ಸಲ ‘ನಾನೇ’ ಎಂದೂ ಬರೆಯಲು ಮರೆತಿದ್ದೀರಿ. ಈಸ್ಟರ್ ಗಡಿಬಿಡಿ ಇರಬೇಕು. ಇನ್ನು ಆ ಪತ್ರಕ್ಕೂ ಒಂದು ಸಹಿ ಹಾಕಿ ಎಫಿಯೋಮ್‌ನ ಕೈಗೆ ಕೊಟ್ಟುಬಿಡಿ. ಮೇ ತಿಂಗಳು ನನ್ನಂತೆ ನಿಧಾನವಾಗಿ ನಡೆಯುವುದಿಲ್ಲ.

ಆಭಾರಿ, ಭಾರಿ,
ಮಾಯೆನ್


ಸುರುಲೆರೆ
ಏಪ್ರಿಲ್ 30, 2018

ದೊಡ್ಡಮ್ಮ,

ಹದಿನೆಂಟು ದಿನವಾಯಿತು. ಕಾಗದವಿಲ್ಲ, ಕೂಲರ್ ಇಲ್ಲ. ಪ್ರತಿ ಶುಕ್ರವಾರ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಎಫಿಯೋಮ್ ನನ್ನನ್ನು ಕಂಡರೆ ಚಕ್ರಕ್ಕೆ ಗಾಳಿ ಇದೆಯೋ ಎಂದು ನೋಡಲು ಬಗ್ಗಿಬಿಡುತ್ತಾನೆ.

ಈ ಕಾಗದದಲ್ಲಿ ತಮಾಷೆ ಇಲ್ಲ. ಕಾರಿಗೆ ಸಣ್ಣ ಗೀರು ಎಂದು ಬರೆದಿದ್ದೆನಲ್ಲ, ಆ ಗೀರು ಹನ್ನೆರಡು ಅಡಿ ಉದ್ದವಿತ್ತು. ಫೆಬ್ರವರಿಯಲ್ಲಿ ಟೆನಿಯ ಹಾಡಿನ ಸ್ಪರ್ಧೆ ಮುಗಿಸಿಕೊಂಡು ಮಧ್ಯಾಹ್ನ ಮೂರು ಗಂಟೆಗೆ ಬರುತ್ತಿದ್ದೆವು. ಥರ್ಡ್ ಮೇನ್‌ಲ್ಯಾಂಡ್ ಸೇತುವೆಯ ಮೇಲೆ ನನಗೆ ನಿದ್ದೆ ಬಂತು. ಬಂತು ಎನ್ನುವುದೂ ತಪ್ಪು, ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಎಚ್ಚರವಾದಾಗ ಕಾರು ಕಂಬಿಗೆ ಉಜ್ಜುತ್ತಿತ್ತು, ಟೆನಿಯ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು, ಕಂಬಿಯ ಆಚೆಗೆ ನೀರಿತ್ತು. ಅವಳು ಕಿರುಚುತ್ತಲೂ ಇರಲಿಲ್ಲ. “ಅಮ್ಮ, ಅಮ್ಮ, ಅಮ್ಮ” ಎಂದು ಮೆಲ್ಲಗೆ, ಬೆಳಿಗ್ಗೆ ಎಬ್ಬಿಸುವಂತೆ ಕರೆಯುತ್ತಿದ್ದಳು.

ಮಲಗಿದಾಗ ಕುತ್ತಿಗೆಯ ಭಾರಕ್ಕೆ ನನ್ನ ಉಸಿರು ನಿಲ್ಲುತ್ತದೆಯಂತೆ, ಗಂಟೆಗೆ ನಲವತ್ತು ಸಲ. ರಾತ್ರಿಯ ನಿದ್ದೆ ನಿದ್ದೆಯೇ ಅಲ್ಲ. ಅದಕ್ಕೇ ಹಗಲು ಅದರ ಬಾಕಿ ವಸೂಲು ಮಾಡುತ್ತದೆ. ಆವತ್ತಿನಿಂದ ಟೆನಿ ಕಾರು ಹತ್ತಿದರೆ ಪುಸ್ತಕ ತೆಗೆಯುವುದಿಲ್ಲ, ಕಿಟಕಿ ನೋಡುವುದಿಲ್ಲ. ಎರಡು ನಿಮಿಷಕ್ಕೊಮ್ಮೆ, “ಅಮ್ಮಾ, ಎದ್ದಿದೀಯಾ?” ಹತ್ತು ವರ್ಷದ ಮಗು ತಾಯಿಯನ್ನು ಕಾವಲು ಕಾಯುತ್ತಿದೆ, ದೊಡ್ಡಮ್ಮ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಅವಳಿಂದಲೂ ಮಾತು ತೆಗೆದುಕೊಂಡಿದ್ದೆ.

ನಿನ್ನೆ ಕೋಲಾನಿಗೆ ಹೇಳಿದೆ. ಅವನು ಎದ್ದು ಪೆನ್ನು ಹುಡುಕಲು ಹೋದ. ಹಾಗಾಗಿ ಇನ್ನು ನಿನ್ನ ಸಹಿ ಬೇಕಾಗಿಲ್ಲ. ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹೋಗಿ ಮಲಗುತ್ತೇನೆ, ಅದರಲ್ಲಿ ಬದಲಾವಣೆಯಿಲ್ಲ.

ಸಹಿ ಬೇಡ. ನೀನು ಬೇಕು. ಆರು ವರ್ಷದವಳಾಗಿ ಅಮ್ಮನನ್ನು ಕಳೆದುಕೊಂಡು ನಿನ್ನ ಮನೆಗೆ ಬಂದಾಗ ನಿನ್ನನ್ನು ‘ನೀನು’ ಎನ್ನುತ್ತಿದ್ದೆ. ಇವತ್ತು ಹಾಗೆಯೇ ಕರೆಯುತ್ತಿದ್ದೇನೆ, ಬೈಯಬೇಡ.

ಮಾಯೆನ್


ಹೆನ್ಶಾ ಟೌನ್
ಮೇ 5, 2018

ಮಗಾ,

ಮೊದಲು ಎಫಿಯೋಮ್‌ನ ಕಥೆ, ಏಕೆಂದರೆ ಎರಡನೆಯದನ್ನು ಬರೆಯಲು ನನಗೆ ಸ್ವಲ್ಪ ಹೊತ್ತು ಬೇಕು.

ನಿನ್ನ ಕಾಗದ ಹಿಡಿದುಕೊಂಡು ಇವತ್ತು ಬೆಳಿಗ್ಗೆ ನಿಲ್ದಾಣಕ್ಕೆ ಹೋದೆ. “ಅವತ್ತು ನನ್ನ ಮಗಳು ಕೂಲರನ್ನು ಖಾಲಿ ಕಳಿಸಿದಳಲ್ಲ, ಕೊಡುವಾಗ ಅವಳ ಮುಖ ಹೇಗಿತ್ತು?” ಎಂದು ಕೇಳಿದೆ. ಹೌದು ಮಾಯೆನ್, ನನಗೆ ಬಂದದ್ದು ಖಾಲಿ ಕೂಲರ್. ತೊಳೆದು ಒರೆಸಿದ ಬರಿಯ ಕೂಲರ್. ನಮ್ಮಲ್ಲಿ ಊಟ ಕಳಿಸಿದ ಪಾತ್ರೆಯನ್ನು ಖಾಲಿ ಹಿಂದಿರುಗಿಸಿದರೆ ಏನರ್ಥವೆಂದು ನಿನಗೆ ನಾನೇ ಕಲಿಸಿದ್ದೆ. ನಿನ್ನ ಅಜ್ಜಿ ತನ್ನ ತಮ್ಮನಿಗೆ ಹಾಗೆ ಮಾಡಿದ ಮೇಲೆ ಇಬ್ಬರೂ ಸಾಯುವವರೆಗೆ ಮಾತಾಡಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅದರ ಮೇಲೆ ನೀನು ‘ಬೇಕಾದರೆ ಮುಂದಿನ ಸಲವೂ ಅದನ್ನೇ ಕಳಿಸುತ್ತೇನೆ’ ಎಂದು ಬರೆದೆ!

ಎಫಿಯೋಮ್ ಟೋಪಿ ತೆಗೆದ. ನನಗೆ ಕೇಳಬೇಕಲ್ಲ, ಕಿವಿಗೆ ಬಾಯಿಟ್ಟು ಕೂಗಿದ: “ಮಮ್ಮಾ! ಓರೆ ಊರ್ ಹತ್ರ ಬಸ್ ಕೆಟ್ಟೋಯ್ತು! ಹದಿನೆಂಟು ಜನ, ಸುಡೋ ಬಿಸಿಲು! ಕೂಲರಲ್ಲಿ ಗರಿ ಇತ್ತು, ಡ್ರಮ್ಮಲ್ಲಿ ನೀರಿತ್ತು! ನೆನೆಸಿದ್ವಿ, ತಿಂದ್ವಿ! ಆಮೇಲೆ ಕೂಲರ್ ಚೆನ್ನಾಗಿ ತೊಳದೆ, ಮಮ್ಮಾ!” ನನ್ನ ಒಂದು ಕಿವಿಗೆ ಮಾಡಿದ ತಪ್ಪೊಪ್ಪಿಗೆ ಇಡೀ ನಿಲ್ದಾಣಕ್ಕೆ ಕೇಳಿತು. ಟಿಕೆಟ್ ಹರಿಯುವವಳು ಪ್ರಾರ್ಥನೆ ಮುಗಿಸುವಂತೆ ಆಮೆನ್ ಎಂದಳು. ಅವನು ಜೇಬಿನಿಂದ ನಿನ್ನ ಚೀಟಿ ತೆಗೆದುಕೊಟ್ಟ. ಆರು ವಾರ ಅವನ ಬೆವರಿನಲ್ಲಿ ನೆನೆದಿದೆ. ‘ಕ್ಷಮಿಸಿ’ ಎನ್ನುವುದು ಮಾತ್ರ ಚೆನ್ನಾಗಿ ಕಾಣುತ್ತದೆ.

ಇನ್ನು ಎರಡನೆಯದು.

ನಿನ್ನ ಅಮ್ಮ ಇಕ್ವೊ ಜ್ವರದಿಂದ ಹೋದಳು ಎಂದು ನಿನಗೆ ಹೇಳಿದ್ದೆ. ಜ್ವರವಲ್ಲ. ಅವಳ ಹೊಟ್ಟೆಯಲ್ಲಿ ಗಡ್ಡೆಯಿತ್ತು. ಸಣ್ಣ ಆಪರೇಷನ್, ನಾಲ್ಕು ದಿನದಲ್ಲಿ ಮನೆಗೆ ಎಂದರು. ಇಕ್ವೊ ಹೆದರಿದ್ದಳು, ಬೇಡವೆಂದಳು. ನಾನು ಅಕ್ಕ, ಮೇಷ್ಟ್ರಮ್ಮ, ಎಲ್ಲ ತಿಳಿದವಳು. “ಏನೂ ಆಗಲ್ಲ ಬಾರೇ” ಎಂದು ಕರೆದುಕೊಂಡು ಹೋದೆ. ಚೀಲವನ್ನು ತಾನೇ ಹಿಡಿದುಕೊಂಡು ನಡೆದು ಹೋದಳು. ಒಂದು ಕಾಗದ ಕೊಟ್ಟರು. ನಾನು ಸಹಿ ಹಾಕಿದೆ. ನಿನಗೆ ಗೊತ್ತಿರುವ ಮುದ್ದಾದ ಅಕ್ಷರದಲ್ಲಿ, ಕೆಳಗೊಂದು ಬಳ್ಳಿ ಎಳೆದು. ಅದರ ಶಾಯಿ ಒಣಗುವ ಮುಂಚೆ ಅವಳನ್ನು ಒಳಗೆ ಕರೆದೊಯ್ದರು. ಅವಳು ಏಳಲೇ ಇಲ್ಲ.

ಮೂವತ್ತೊಂದು ವರ್ಷದಿಂದ ನಾನು ಎಲ್ಲಿಯೂ ಹೆಸರು ಬರೆದಿಲ್ಲ. ಪಿಂಚಣಿ ಗುಮಾಸ್ತ ನಕ್ಕರೂ ನಗಲಿ ಎಂದು ಹೆಬ್ಬೆಟ್ಟು ಒತ್ತಿದೆ. ನೀನೂ ನಕ್ಕೆ, ನಾನೂ ನಿನ್ನ ಜೊತೆ ನಕ್ಕೆ. ನನಗೆ ಫೋಟೋದ ಜಂಭವೆಂದು ನೀನು ತಿಳಿದೆ. ಜಂಭವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಭಯವನ್ನು ಬರೆಯುವುದಕ್ಕಿಂತ ಜಂಭವನ್ನು ಬರೆಯುವುದು ಸುಲಭವಾಗಿತ್ತು.

ಒಪ್ಪಿದೆನೆಂದು ತಿಳಿಯಬೇಡ. ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಹದಿನಾಲ್ಕರಂದು ಆ ಬಾಗಿಲ ಮುಂದೆ ಕೂರುತ್ತೇನೆ, ಅಷ್ಟೇ. ಸಹಿಗೆ ನನ್ನ ಕೈ ಏಳುವುದಿಲ್ಲ, ಕೋಲಾನೇ ಹಾಕಲಿ.

ಆಮೇಲೆ ಏನು ತಿನ್ನಿಸಬೇಕೆಂದು ಡಾಕ್ಟರು ಹೇಳಿದರು? ಎಷ್ಟು ಹೊತ್ತಿಗೆ ಎಷ್ಟು? ಸರಿಯಾಗಿ ಕೇಳಿ ಬರೆದಿಟ್ಟಿರು. ನಿನ್ನ ಅಂದಾಜಿನ ಮೇಲೆ ನನಗೆ ನಂಬಿಕೆಯಿಲ್ಲ.

ನಾನೇ


ಆಸ್ಪತ್ರೆ, ವಾರ್ಡಿನಿಂದ
ಮೇ 14, 2018, ಬೆಳಿಗ್ಗೆ ಆರು

ದೊಡ್ಡಮ್ಮ,

ಇದನ್ನು ನರ್ಸ್ ನಿಮ್ಮ ಕೈಗೆ ಕೊಡುತ್ತಾಳೆ. ನೀವು ಹೊರಗೆ, ನಾನು ಒಳಗೆ. ಒಂದು ಗೋಡೆಯ ಅಂತರಕ್ಕೂ ನಾವು ಕಾಗದವೇ ಬರೆಯುವುದೆಂದು ಆಯಿತು.

ಹೊರಗೆ ಹೆಸರು ಕೂಗಿದರೆ ನಿಮಗೆ ಕೇಳಿಸುವುದಿಲ್ಲ. ಕೋಲಾನ ಮುಖ ನೋಡಿ ತಿಳಿಯೋಣವೆಂದುಕೊಳ್ಳಬೇಡಿ, ಅವನ ಮುಖ ಫುಟ್‌ಬಾಲ್ ನೋಡುವಾಗಲೂ ಸಾವಿನ ಮನೆಯಂತಿರುತ್ತದೆ. ಆದ್ದರಿಂದ ಸರ್ಜನ್ ಹತ್ತಿರ ಮಾತಾಡಿದ್ದೇನೆ. ಮುಗಿದ ಕೂಡಲೇ ಅವರೇ ಬಾಗಿಲಿಗೆ ಬಂದು ನಿಮಗೆ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ.

ಅಮ್ಮನ ವಿಷಯ ನಿನ್ನೆಯವರೆಗೂ ನಾವಿಬ್ಬರೂ ಮಾತಾಡಲಿಲ್ಲ. ನೀವು ತಲೆಗೆ ಎಣ್ಣೆ ಹಚ್ಚಿದಿರಿ, ನಾನು ಹಚ್ಚಿಸಿಕೊಂಡೆ. ಒಂದು ಮಾತು ಬರೆಯುತ್ತೇನೆ. ಅಮ್ಮನನ್ನು ನೀವು ಕರೆದುಕೊಂಡು ಹೋದಿರಿ. ನನ್ನನ್ನು ಯಾರೂ ಕರೆದುಕೊಂಡು ಬಂದಿಲ್ಲ. ನಾನೇ ಬಂದಿದ್ದೇನೆ, ಚೀಲವನ್ನು ನಾನೇ ಹಿಡಿದು. ಇದರಲ್ಲಿ ಏನೇ ಆದರೂ ಅದು ನಿಮ್ಮ ಕೈಯಿಂದಲ್ಲ.

ನೀವು ವಾಪಸು ತಂದ ಒಪ್ಪಿಗೆ ಪತ್ರ ಕೌಂಟರಿನಲ್ಲಿದೆ, ಎಂಟಕ್ಕೆ ಕೋಲಾ ಸಹಿ ಹಾಕುತ್ತಾನೆ. ನಾಳೆಯಿಂದ ಟೆನಿಗೆ ಶಾಲೆಗೆ ಬಿಸ್ಕತ್ತು ಕಟ್ಟಿಕೊಡುವುದು ಮರೆಯಬೇಡಿ.

ಇನ್ನೂ ಭಾರಿ, ಇನ್ನೂ ಆಭಾರಿ,
ಮಾಯೆನ್


ಹೆನ್ಶಾ ಟೌನ್
ಜುಲೈ 9, 2018

ಮಗಾ ಮಾಯೆನ್,

ಕ್ಷೇಮವಾಗಿ ತಲುಪಿದೆ. ಓರೆಯಲ್ಲಿ ಬಸ್ ಕೆಡಲಿಲ್ಲ. ಆದರೂ ಕೂಲರನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ. ಎಫಿಯೋಮ್ ಕನ್ನಡಿಯಲ್ಲಿ ನೋಡಿ ನೋಡಿ ಮುಖ ಸಣ್ಣಗೆ ಮಾಡಿಕೊಂಡ.

ಏಳು ವಾರ ನಿನ್ನ ಹಾಸಿಗೆಯ ಪಕ್ಕದಲ್ಲೇ ಇದ್ದರೂ ನಿನಗೆ ಗೊತ್ತಿಲ್ಲದವು ಕೆಲವಿವೆ. ನೀನು ಒಳಗಿದ್ದಾಗಿನವು, ನಿದ್ದೆಯಲ್ಲಿದ್ದಾಗಿನವು. ಬರೆಯುತ್ತೇನೆ.

ಅವತ್ತು ಎಂಟು ಗಂಟೆಗೆ ಕೋಲಾ ಪೆನ್ನು ತೆಗೆದ. ಅದರ ಮುಚ್ಚಳ ಬಿಚ್ಚಿದ, ಮತ್ತೆ ಹಾಕಿದ. ನೀನು ಕಳಿಸಿದ ಕಾಗದ ನನ್ನ ಕೈಯಲ್ಲಿತ್ತು. ಕೌಂಟರಿನ ಹುಡುಗಿಯನ್ನು, “ಹೆಬ್ಬೆಟ್ಟಿಗೆ ಶಾಯಿ ಕೊಡಮ್ಮ” ಎಂದು ಕೇಳಿದೆ. ಅವಳು ಮೇಜು, ಬೀರು, ಪಕ್ಕದ ಕೋಣೆ ಎಲ್ಲ ಹುಡುಕಿ ಬಂದು, ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ತೋರಿಸಿದಳು: ‘ಮಮ್ಮಾ, ಇಲ್ಲಿ ಶಾಯಿ ಪ್ಯಾಡ್ ಇಲ್ಲ.’ ಮನುಷ್ಯರ ಹೊಟ್ಟೆಯನ್ನು ಬಾಳೆಕಾಯಿ ಮಾಡುವ ಯಂತ್ರವಿದೆ, ಒಂದು ಶಾಯಿ ಪ್ಯಾಡ್ ಇಲ್ಲ! ಕೋಲಾ, “ಬಿಡಿ ಅಮ್ಮ, ನಾನ್ ಹಾಕ್ತೀನಿ” ಎಂದು ಸನ್ನೆ ಮಾಡಿದ. “ಸರಿಯಪ್ಪ ಪಕ್ಕಕ್ಕೆ. ಅವಳನ್ನ ಸಾಕಿದ್ದು ನೀನಾ ನಾನಾ?” ಎಂದೆ. ಮೊದಲ ಅಕ್ಷರ ಸೊಟ್ಟಗಾಯಿತು. ಎರಡನೆಯದಕ್ಕೆ ಕೈಗೆ ನೆನಪು ಬಂತು. ಬಳ್ಳಿ ಎಳೆಯಲಿಲ್ಲ.

ಆಮೇಲೆ ಮೂರು ಗಂಟೆ ಆ ಬಾಗಿಲನ್ನು ನೋಡಿದೆ. ಬಾಗಿಲಿಗೆ ಹಸಿರು ಬಣ್ಣ, ಕೆಳಗಡೆ ಎಡಕ್ಕೆ ಚೂರು ಕಿತ್ತಿದೆ. ನಿನ್ನ ಸರ್ಜನ್ ಹೊರಬಂದ. ಪುಣ್ಯಾತ್ಮ ಹೆಬ್ಬೆರಳಿನ ವಿಷಯ ಮರೆತೇಬಿಟ್ಟಿದ್ದ. ಕೋಲಾನ ಹತ್ತಿರ ಏನೋ ಹೇಳುತ್ತಿದ್ದಾನೆ, ಕೋಲಾ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ, ನನಗೆ ಒಂದಕ್ಷರ ಕೇಳುತ್ತಿಲ್ಲ. ಎದ್ದು ಹೋಗಿ ಡಾಕ್ಟರ ಮುಂಗೈ ಹಿಡಿದು ಅವನ ಹೆಬ್ಬೆರಳನ್ನು ನಾನೇ ಬಿಡಿಸಲು ಹೋದೆ. ಆಗ ಅವನಿಗೆ ನೆನಪಾಯಿತು. ಎರಡು ಕೈಯ ಹೆಬ್ಬೆರಳನ್ನೂ ಎತ್ತಿದ.

ಇನ್ನೊಂದು. ನಿನ್ನ ಅತ್ತೆ ಐದನೇ ದಿನ ಕುಟ್ಟಿದ ಗೆಣಸಿನ ಮುದ್ದೆ ಹೊತ್ತು ಬಂದಿದ್ದಳು. ಬಾಗಿಲಲ್ಲೇ ತಡೆದೆ. “ಒಂದೇ ಒಂದು ತುತ್ತು, ಮಗು ಬಾಡಿಹೋಗಿದೆ” ಎಂದು ನನ್ನ ಕಿವಿಗೆ ಕೂಗಿದಳು. ನನ್ನ ಕೋಣೆಯಲ್ಲಿರುವ ಹುಡುಗಿ ನನ್ನ ಅಪ್ಪಣೆಯಿಲ್ಲದೆ ತಿನ್ನುವುದಿಲ್ಲ ಎಂದೆ. ಕೋಣೆ ನಡೆಸಿದಷ್ಟು ಕಾಲವೂ ಹೇಳಿದ ಮಾತು. ಬಾಯಿಗೆ ತಾನಾಗಿ ಬಂತು. ಕಾಲು ಗಂಟೆಗೆ ಎರಡು ಚಮಚ ಮೀನಿನ ತಿಳಿಸಾರು, ಸೋಸಿದ್ದು, ಖಾರವಿಲ್ಲದ್ದು. ಎರಡೆಂದರೆ ಎರಡು. ಗೋಡೆಯ ಮೇಲೆ ಗೀಟು ಹಾಕಿ ಎಣಿಸಿದೆ. ಆಹಾರದ ಲೆಕ್ಕ ನೋಡಲು ಬಂದ ಹುಡುಗಿ ಗೀಟುಗಳನ್ನು ನೋಡಿ, “ಮಮ್ಮಾ, ನೀವು ಎಲ್ಲಿ ಕಲಿತಿದ್ದು?” ಎಂದು ಬರೆದು ಕೇಳಿದಳು. ಇದಕ್ಕೆ ಪೂರ್ತಿ ಉಲ್ಟಾ ಕೋರ್ಸಿನಲ್ಲಿ ಎಂದು ಬರೆದುಕೊಟ್ಟೆ.

ನಿನ್ನೆ ಚರ್ಚಿನ ಮೆಟ್ಟಿಲಲ್ಲಿ ಇನ್ಯಾಂಗ್ ಮತ್ತು ಅವಳ ಪಟಾಲಂ ನಿನ್ನ ಹೊಸ ಫೋಟೋ ನೋಡಿದರು. ಮೂರು ಪ್ರಶ್ನೆಗಳೂ ನನ್ನ ಕಿವಿಯ ಹತ್ತಿರವೇ ಬಂದವು. “ಗಂಡ ಹೊಡೀತಾನಾ?” “ಆಪರೇಷನ್ ದಿನ ಅತ್ತಿದ್ದು ಅವನು” ಎಂದೆ. “ಊಟ ಹಾಕಲ್ವಾ?” “ಹಾಕಿದ್ದು ನಾನೇ.” ಮೂರನೆಯದಕ್ಕೆ ಕಿವಿ ಕೇಳದವಳಂತೆ ಇದ್ದುಬಿಟ್ಟೆ. ನಿಜವಾಗಿ ಕೇಳಿಸಿತ್ತು.

ಹಳೆಯ ಫೋಟೋ ಇಳಿಸುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಸಿದ್ದೇನೆ. ಕೋಣೆಯಿಂದ ಗೆಣಸಿನ ಮೂಟೆ ತೆಗೆಸಿ ಸುಣ್ಣ ಬಳಿಸಿದೆ. ಡಿಸೆಂಬರಿನಲ್ಲಿ ಬರುವಾಗ ಸಕ್ಕರೆ ಕಾಯಿಲೆಯ ಮಾತ್ರೆ ಇನ್ನು ಎಷ್ಟು ಬೇಕು ಎಂದು ಡಾಕ್ಟರನ್ನು ಕೇಳಿಕೊಂಡು ಬಾ. ನೂರ ಮೂವತ್ತೊಂದು ಕಿಲೋಗೆ ಇಳಿದೆ ಎಂದು ಬೀಗಬೇಡ. ದಾರಿ ಇನ್ನೂ ಇದೆ, ನಾನೂ ಇದ್ದೇನೆ.

ಕೊನೆಯದಾಗಿ ಒಂದು. ಆರು ವಾರದ ತಪಾಸಣೆಗೆ ನೀನೇ ಕಾರು ಓಡಿಸಿದೆ. ನಾನು ನಿನ್ನ ಪಕ್ಕದಲ್ಲಿ, ಟೆನಿ ಹಿಂದೆ. ವಾಪಸು ಬರುವಾಗ ಆ ಸೇತುವೆ ಬಂತು. ನೀನು ಸ್ಟಿಯರಿಂಗನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದೆ. ಮಗು ಎಷ್ಟು ಸಲ ‘ಎದ್ದಿದೀಯಾ’ ಎಂದು ಕೇಳುತ್ತಿದೆಯೋ, ನನಗೆ ಹೇಗೂ ಕೇಳುವುದಿಲ್ಲವಲ್ಲ, ತುಟಿ ನೋಡಿ ಎಣಿಸೋಣವೆಂದು ಹಿಂದಕ್ಕೆ ತಿರುಗಿದೆ. ಟೆನಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

ನಿನಗೆ ಹೇಳಲಿಲ್ಲ. ನೀನು ರಸ್ತೆ ನೋಡುತ್ತಿದ್ದೆ.

ಇದರೊಂದಿಗೆ ಟೆನಿಯ ಹಳೆಯ ಊಟದ ಡಬ್ಬಿಯಲ್ಲಿ ಅಫಾಂಗ್ ಸಾರು ಕಳಿಸಿದ್ದೇನೆ, ನಾಲ್ಕು ಚಮಚ. ಡಬ್ಬಿಯನ್ನು ಖಾಲಿ ಕಳಿಸಿದರೆ ನೋಡು.

ಅಟಿಮ್ ಎಫಂಗಾ ಒಟು